ಬಾಳೆಹಣ್ಣಿನ ಅಕ್ಷರ

ಚೆಂಬೂರಿನ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಕನ್ನಡಿ. ಹೊರಗಿನ ಖೋಲಿಗೂ ಅಡುಗೆಮನೆಗೂ ನಡುವಿನ ಬಾಗಿಲಿನ ಪಕ್ಕದಲ್ಲಿ ಅಪ್ಪ ಅದನ್ನು ತನ್ನ ಎತ್ತರಕ್ಕೆ ಸರಿಯಾಗಿ ಮೊಳೆ ಹೊಡೆದು ತೂಗುಹಾಕಿದ್ದ. ಮನೆಯಲ್ಲಿ ಅವನಷ್ಟು ಎತ್ತರ ಬೇರೆ ಯಾರೂ ಇಲ್ಲ ಎಂಬುದು ಅವನ ತಲೆಗೆ ಹೊಳೆದಿರಲಿಲ್ಲ, ಹೊಳೆದಿದ್ದರೂ ಹೊಡೆದ ಮೊಳೆ ಕೀಳುವ ಜಾತಿಯವನಲ್ಲ ಅವನು. ಅವ್ವ ಕುಂಕುಮ ಇಟ್ಟುಕೊಳ್ಳಲು ತುದಿಗಾಲಲ್ಲಿ ನಿಲ್ಲುತ್ತಿದ್ದಳು. ಅಕ್ಕ ಮಣೆ ಹಾಕಿಕೊಂಡು ನಿಲ್ಲುತ್ತಿದ್ದಳು. ನಾನು ಜೋಳದ ಹಿಟ್ಟಿನ ಡಬ್ಬಿಯ ಮೇಲೆ ಹತ್ತಿದರೂ ನನಗೆ ಕಾಣುತ್ತಿದ್ದದ್ದು ನನ್ನ ಹಣೆ ಮತ್ತು ಕಣ್ಣು ಮಾತ್ರ. ಹೀಗಾಗಿ ಒಂಬತ್ತು ವರ್ಷವಾಗುವ ತನಕ ನನ್ನ ಬಾಯಿ ಹೇಗಿದೆ ಎಂದು ನನಗೆ ಸರಿಯಾಗಿ ಗೊತ್ತಿರಲಿಲ್ಲ. ಬೆಳಿಗ್ಗೆ ಅಪ್ಪ ದಾಡಿ ಮಾಡಿಕೊಳ್ಳುವಾಗ ಅವನ ಮೊಣಕೈ ಕೆಳಗಿನಿಂದ ಅಕ್ಕ, ಅಕ್ಕನ ಮೊಣಕೈ ಕೆಳಗಿನಿಂದ ನಾನು ತಲೆ ತೂರಿಸುತ್ತಿದ್ದೆವು. ಸ್ಟೋವಿನ ಮುಂದೆ ಕೂತಲ್ಲಿಂದಲೇ ಅವ್ವ ಮೂವರನ್ನೂ ಬೈಯುತ್ತಿದ್ದಳು. ಆ ವರ್ಷ ಹದಿನೈದು ದಿನ ಮಾತ್ರ ಎಲ್ಲರೂ ಕನ್ನಡಿಯನ್ನು ಅಕ್ಕನಿಗೆ ಬಿಟ್ಟುಕೊಟ್ಟೆವು. ಅವಳು ಅದರ ಮುಂದೆ ನಿಂತು ಒಂದೇ ಒಂದು ಇಂಗ್ಲಿಷ್ ಶಬ್ದ ಹೇಳಲು ಕಲಿಯುತ್ತಿದ್ದಳು.

ಆ ಶಬ್ದ ಪ್ಲೆಶರ್. ಹೀಗೆ ಬರೆಯುವಾಗಲೇ ತಪ್ಪು ಬರೆಯುತ್ತಿದ್ದೇನೆ ಎಂದು ನನಗೆ ಗೊತ್ತು. ನಡುವಿನ ಆ ಸದ್ದಿಗೆ ನಮ್ಮಲ್ಲಿ ಅಕ್ಷರವಿಲ್ಲ. ಅದು ಶ ಅಲ್ಲ, ಜ ಅಲ್ಲ, ಎರಡೂ ಕೂಡಿ ಸಣ್ಣಗೆ ಗುಂಯ್‌ಗುಟ್ಟಿದ ಹಾಗೆ ಏನೋ ಒಂದು. ಈಗಿನ ಮಕ್ಕಳು ಅದನ್ನು ಉಗುಳು ನುಂಗಿದಷ್ಟು ಸಲೀಸಾಗಿ ಹೇಳಿಬಿಡುತ್ತವೆ, ಕೇಳಿದಾಗ ನನಗೆ ಈಗಲೂ ಒಳಗೊಳಗೇ ಸಿಟ್ಟು ಬರುತ್ತದೆ. ನಮ್ಮ ಮನೆಗೆ ಆ ಶಬ್ದ ಬಂದದ್ದು ಅಕ್ಕನ ಇಂಟರ್‌ವ್ಯೂದಿಂದ. ಅವಳು ಮೆಟ್ರಿಕ್ ಮುಗಿಸಿ ಟೈಪಿಂಗ್ ಕಲಿತು ಮನೆಯಲ್ಲಿ ಕೂತಿದ್ದಳು. ಫೋರ್ಟ್‌ನಲ್ಲಿ ಒಂದು ಕಂಪನಿಗೆ ಟೆಲಿಫೋನ್ ಆಪರೇಟರ್ ಬೇಕಾಗಿದ್ದಾಳೆ ಎಂದು ಅಪ್ಪನಿಗೆ ಯಾರೋ ಹೇಳಿದರು. ಅಪ್ಪ ಫ್ಯಾಕ್ಟರಿಯ ಟೈಮ್ ಆಫೀಸಿನಲ್ಲಿ ಗುಮಾಸ್ತ, ಅರ್ಜಿ ಬರೆಯುವುದರಲ್ಲಿ ಎತ್ತಿದ ಕೈ. ಅರ್ಜಿ ಹೋಯಿತು, ಕರೆಯೂ ಬಂತು. ಅಲ್ಲಿನ ಮೇಡಂ ಅಕ್ಕನ ಕೈಗೆ ಒಂದು ಕಾರ್ಡು ಕೊಟ್ಟು ಓದಿಸಿದರಂತೆ. ಫೋನು ಮಾಡಿದವರು ಥ್ಯಾಂಕ್ಯೂ ಅಂದರೆ ಆಪರೇಟರು ಹೇಳಬೇಕಾದ ಮಾತು ಅದರ ಕೊನೆಯಲ್ಲಿತ್ತು: ಇಟ್ಸ್ ಎ ಪ್ಲೆಶರ್. ಅಲ್ಲಿ ಬಂದು ಅಕ್ಕನ ಗಾಡಿ ನಿಂತಿತು. ಮೂರು ಸಲ ಹೇಳಿಸಿ ಮೇಡಂ ಕಾರ್ಡು ವಾಪಸು ತೆಗೆದುಕೊಂಡರು. ದನಿ ಚೆನ್ನಾಗಿದೆ, ಆದರೆ ಈ ಮಾತನ್ನು ಇಲ್ಲಿ ದಿನಕ್ಕೆ ನೂರು ಸಲ ಹೇಳಬೇಕಾಗುತ್ತದೆ, ಕಲಿತುಕೊಂಡು ಎರಡು ವಾರ ಬಿಟ್ಟು ಸೋಮವಾರ ಬಾ ಎಂದು ಕಳಿಸಿದರು.

ಎರಡು ವಾರದಲ್ಲಿ ಒಂದು ಶಬ್ದ ಕಲಿಯುವುದು ಯಾವ ಮಹಾ ಕೆಲಸ ಎಂದು ಹೊರಗಿನವರಿಗೆ ಅನ್ನಿಸಬಹುದು. ಆದರೆ ಅದರ ಹಿಂದೆ ಬಾಗಲಕೋಟೆ ಇತ್ತು. ಬಾಗಲಕೋಟೆಯಲ್ಲಿ ಅವ್ವನ ಅಣ್ಣ, ಅಂದರೆ ನಮ್ಮ ಸೋದರಮಾವ. ಅವನ ಮಗನಿಗೆ ಅಕ್ಕ ಎಂದು ಅವಳು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಆ ಹುಡುಗ ಕೆಟ್ಟವನಲ್ಲ. ಬೇಸಿಗೆಯ ರಜೆಯಲ್ಲಿ ಅಕ್ಕನ ಜೊತೆ ಗೋಲಿ ಆಡಿ ಬೆಳೆದವನು, ಅವನನ್ನು ಗಂಡ ಎಂದು ನೆನೆಸಿಕೊಂಡರೆ ತನಗೆ ನಗು ಬರುತ್ತದೆ ಎಂದು ಅಕ್ಕ ನನ್ನೊಬ್ಬಳ ಹತ್ತಿರ ಹೇಳಿದ್ದಳು. ಹೇಳಿ ನಗಲಿಲ್ಲ, ಅತ್ತಳು. ಅಪ್ಪ ಒಂದು ದಾರಿ ಮಾಡಿದ.

"ನೌಕರಿ ಸಿಕ್ತಂದ್ರ ಮದುವಿ ಮಾತು ಎರಡು ವರ್ಷ ಮುಂದಕ್ಕ. ಸಿಗಲಿಲ್ಲಂದ್ರ ಈ ಬ್ಯಾಸಗ್ಯಾಗ ಮುಗಿಸಿಬಿಡೂಣು. ಆಮ್ಯಾಲೆ ಯಾರೂ ಪಿಟ್ಟೆನ್ನಬಾರದು."

ಅವ್ವನಿಗೆ ಅದೂ ಸಮಾಧಾನವಿರಲಿಲ್ಲ.

"ಆಫೀಸಿಗೆ ಹೋದ ಹುಡುಗಿ ಸಂಜಿಗೆ ಮನಿಗೆ ಬಂದ್ರೂ ಬಂದಂಗಲ್ಲ. ಬರೇ ಚಪ್ಪಲಿ ಬರ್ತಾವ ನೋಡ್ರಿ," ಅಂದಳು.

ನನಗೆ ದಿಕ್ಕು ತೋಚಲಿಲ್ಲ. ನೌಕರಿ ಸಿಗದಿದ್ದರೆ ಅಕ್ಕ ಬಾಗಲಕೋಟೆಗೆ ಹೋಗುತ್ತಾಳೆ. ಸಿಕ್ಕರೆ, ಅವ್ವನ ಮಾತು ನಂಬಿದರೆ, ಇಲ್ಲಿದ್ದೂ ಹೋಗುತ್ತಾಳೆ. ದಿನಾ ಸಂಜೆ ನನ್ನ ತಲೆಗೆ ಎಣ್ಣೆ ಹಚ್ಚಿ ಬಾಚಿ ಹೆರಳು ಹಾಕುತ್ತಿದ್ದವಳು ಅಕ್ಕ. ಅವ್ವ ಬಾಚಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಯಾವ ಕಡೆಯಿಂದ ನೋಡಿದರೂ ನನ್ನ ತಲೆ ಅವ್ವನ ಕೈಗೆ ಸಿಗುವುದೇ ಕಾಣುತ್ತಿತ್ತು. ಹೀಗಾಗಿ ಅಕ್ಕ ಆ ಶಬ್ದ ಕಲಿಯಲಿ ಎಂದು ದೇವರಿಗೆ ಕೈಮುಗಿಯಬೇಕೋ ಕಲಿಯದಿರಲಿ ಎಂದು ಮುಗಿಯಬೇಕೋ ತಿಳಿಯದೆ ಬರೀ ಕೈಮುಗಿದು ಬರುತ್ತಿದ್ದೆ.

ಮೊದಲ ಪಾಠ ಅಪ್ಪನದು. ಅದು ಊಟದ ಹೊತ್ತಿನಲ್ಲಿ ನಡೆಯಿತು. ಅಪ್ಪ ತನ್ನ ಸಾಹೇಬರ ಮೇಜಿನ ಡಿಕ್ಷನರಿಯನ್ನು ಶನಿವಾರ ಟವೆಲಿನಲ್ಲಿ ಸುತ್ತಿಕೊಂಡು ಬಂದಿದ್ದ, ಸೋಮವಾರ ಬೆಳಿಗ್ಗೆ ಅದು ಮೇಜಿನ ಮೇಲೆ ಇರಬೇಕಿತ್ತು. ತಾಟಿನಿಂದ ಒಂದು ಮೊಳ ದೂರ ಇಟ್ಟುಕೊಂಡು, ಎಡಗೈಯಿಂದ ಹಾಳೆ ತಿರುವಿ ಶಬ್ದ ಹುಡುಕಿದ. ಹೇಗೆ ಅನ್ನಬೇಕು ಎಂದು ಅದರ ಪಕ್ಕದಲ್ಲೇ ಕಂಸದಲ್ಲಿ ಕೊಟ್ಟಿದ್ದರು. ಅಲ್ಲಿ ಝೆಡ್ ಮತ್ತು ಎಚ್ ಒಂದರ ಪಕ್ಕ ಒಂದು ಕೂತಿದ್ದವು. ಅಪ್ಪನ ಮುಖ ಅರಳಿತು.

"ಇಷ್ಟ ಏನು! ಇದು ಝುಣಕದ ಝ. ಪ್ಲೆ-ಝ-ರ್. ಅನ್ನು ಸರೂ."

ತಾಟಿನಲ್ಲಿ ಇದ್ದದ್ದೂ ಝುಣಕವೇ. ಅಕ್ಕ ಝುಣಕದ ಝ ಹಾಕಿ ಅಂದಳು. ಅಪ್ಪ ಇನ್ನೊಮ್ಮೆ, ಒತ್ತಿ, ಎಂದ. ಮೂರನೇ ಸಲಕ್ಕೆ ಅವಳ ಬಾಯಿಂದ ಝುಣಕದ ಪುಡಿ ಹಾರಿ ಸಾಹೇಬರ ಡಿಕ್ಷನರಿಯ ಮೇಲೆ ಬಿತ್ತು. ಅಪ್ಪ ಊಟ ಬಿಟ್ಟು ಎದ್ದು ಧೋತರದ ಚುಂಗಿನಿಂದ ಒರೆಸತೊಡಗಿದ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಅಲ್ರೀ, ಹಂಗಂದ್ರ ಅರ್ಥ ಏನು?"

"ಸಂತೋಷ ಆತು ಅಂತ."

"ಯಾರೋ ಎಲ್ಲಿಂದಲೋ ಫೋನ್ ಮಾಡ್ತಾರ, ಇಕಿ ಸಂತೋಷ ಆತು ಅಂತಾಳ. ಯಾರಂತ ಗೊತ್ತಿಲ್ಲ, ಮಾರಿ ನೋಡಿಲ್ಲ. ಹೆಣ್ಣುಮಕ್ಕಳು ಹಂಗ ಅನ್ನೂದು ಚಂದ ಏನು?"

ಅಪ್ಪ ಡಿಕ್ಷನರಿಯನ್ನು ಇನ್ನೂ ಜೋರಾಗಿ ಒರೆಸಿದ. ನನಗೂ ಅವ್ವ ಹೇಳುವುದರಲ್ಲಿ ನ್ಯಾಯವಿದೆ ಅನ್ನಿಸಿತು.

ಎರಡನೇ ಪಾಠ ಪಕ್ಕದ ಮನೆಯ ಮಾಮಿಯದು. ಮಾಮಿ ತಮಿಳರು, ಆದರೆ ಬೆಂಗಳೂರಿನಲ್ಲಿ ಬೆಳೆದವರು, ಕನ್ನಡ ನೀರು ಕುಡಿದಂತೆ ಮಾತಾಡುತ್ತಿದ್ದರು. ಮಕ್ಕಳಿರಲಿಲ್ಲ. ಮಾಮಾ ಇಡೀ ದಿನ ಡ್ಯೂಟಿಯ ಮೇಲೆ ಇರುತ್ತಿದ್ದರು, ಹೀಗಾಗಿ ನಮ್ಮ ಮನೆಯ ಸುದ್ದಿಯೆಲ್ಲ ಅವರ ಮನೆಯದೂ ಹೌದು. ನಮ್ಮ ಮನೆಗೆ ಬೇಕಾದ ಸಲಹೆಯೆಲ್ಲ ಅವರ ಕಡೆಯಿಂದ ಕೇಳದೆಯೇ ಬರುತ್ತಿತ್ತು. ಝೆಡ್ ಮತ್ತು ಎಚ್ ಎಂದು ಕಿವಿಗೆ ಬಿದ್ದದ್ದೇ ತಡ, ಮನೆಗೆ ಓಡಿ ಒಂದು ಇನ್‌ಲ್ಯಾಂಡ್ ಪತ್ರ ಹಿಡಿದುಕೊಂಡು ಬಂದರು. ಅವರ ಅಣ್ಣ ಊರಿನಿಂದ ಬರೆದದ್ದು. ಕಳಿಸಿದವರ ವಿಳಾಸದಲ್ಲಿ ಊರಿನ ಹೆಸರಿನ ನಡುವೆ ಅದೇ ಝೆಡ್, ಅದರ ಪಕ್ಕ ಅದೇ ಎಚ್.

"ನೋಡಿ ಇಲ್ಲಿ! ಇದು ನಮ್ಮ ಅಕ್ಷರ. ಇಡೀ ಪ್ರಪಂಚದಲ್ಲಿ ತಮಿಳಿಗೆ ಬಿಟ್ರೆ ಯಾರಿಗೂ ಇಲ್ಲ ಅಂದ್ಕೊಂಡಿದ್ದೆ. ಇಂಗ್ಲಿಷ್‌ನವರು ಎಲ್ಲಿಂದ ಎತ್ಕೊಂಡ್ರೋ! ಸರೋಜಾ, ನಾಳೆಯಿಂದ ನಾಲ್ಕು ಗಂಟೆಗೆ ನಮ್ಮನೆಗೆ ಬಾಮ್ಮಾ. ನಾನು ಹೇಳ್ಕೊಡ್ತೀನಿ."

ಅಪ್ಪ ಇದನ್ನು ಅಲ್ಲಗಳೆಯುತ್ತಾನೆ ಎಂದುಕೊಂಡೆ. ಅಪ್ಪ ಪತ್ರವನ್ನೂ ಡಿಕ್ಷನರಿಯನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದ. ಆಮೇಲೆ ಹಳಗನ್ನಡದಲ್ಲಿ ನಮಗೂ ಈ ಅಕ್ಷರ ಇತ್ತು, ರಳ ಅಂತ ಅದರ ಹೆಸರು, ತಮ್ಮ ಮಾಸ್ತರರು ಬೋರ್ಡಿನ ಮೇಲೆ ಬರೆದು ತೋರಿಸಿದ್ದರು, ನಾವು ಕಳೆದುಕೊಂಡೆವು, ತಮಿಳರು ಉಳಿಸಿಕೊಂಡರು ಎಂದ. ಹೇಳುವಾಗ ಅವನ ಕಣ್ಣು ತೇವವಾಗಿದ್ದವು. ಕಳೆದುಹೋದ ದಾಗೀನು ಇಂಗ್ಲಿಷ್ ಡಿಕ್ಷನರಿಯಲ್ಲಿ ಸಿಕ್ಕಿತು ಎಂಬಂತೆ ಆ ಕಾಗದ ಹಿಡಿದುಕೊಂಡಿದ್ದ. ತಮಿಳು ಕಲಿತ ಹೆಂಗಸು ಮತ್ತು ಹಳಗನ್ನಡ ಕಲಿತ ಗಂಡಸು ಒಪ್ಪಿದ ಮೇಲೆ ಇನ್ನು ಕೇಳುವವರು ಯಾರು? ಪ್ಲೆಶರ್ ಎಂಬುದು ಪ್ಲೆೞರ್ ಆಯಿತು.

ಆ ೞ ಹೇಳುವುದು ಸುಲಭವಲ್ಲ. ನಾಲಿಗೆಯನ್ನು ಹಿಂದಕ್ಕೆ ಮಡಿಸಬೇಕು, ಆದರೆ ಅದು ಎಲ್ಲಿಯೂ ತಾಗಬಾರದು. ಮಾಮಿ ತಮಿಳಿನ ಬಾಳೆಹಣ್ಣಿನಿಂದ ಕಲಿಸುತ್ತಿದ್ದರು. ವಾೞೈಪ್ಪೞಂ ಎಂದು ಹತ್ತು ಸಲ ಹೇಳಬೇಕು, ಆಮೇಲೆ ಪ್ಲೆೞರ್ ಎಂದು ಹತ್ತು ಸಲ. ಸರಿಯಾಗಿ ಅಂದರೆ ಗೂಡಿನಿಂದ ಒಂದು ಬಾಳೆಹಣ್ಣು ತೆಗೆದು ಕೊಡುತ್ತಿದ್ದರು. ಅಕ್ಕನ ಸೆರಗು ಹಿಡಿದುಕೊಂಡು ಹೋದ ನನಗೂ ಹಣ್ಣು ಸಿಗುತ್ತಿದ್ದರಿಂದ ನಾನೂ ಜೀವ ಬಿಟ್ಟು ಹೇಳುತ್ತಿದ್ದೆ. ಮಾಮಿಯ ಮನೆಯಲ್ಲಿ ಎರಡು ಕುರ್ಚಿ, ಒಂದು ರೇಡಿಯೋ, ಅದರ ಮೇಲೆ ಕಸೂತಿ ಹಾಕಿದ ಬಟ್ಟೆ. ನಮ್ಮನ್ನು ಕುರ್ಚಿಯ ಮೇಲೆ ಕೂರಿಸಿ ತಾವು ನೆಲದ ಮೇಲೆ ಕೂತು ನಮ್ಮ ಬಾಯಿಯನ್ನೇ ನೋಡುತ್ತಿದ್ದರು. ಒಂದು ವಾರದಲ್ಲಿ ಅಕ್ಕ ಅದನ್ನು ಮಾಮಿಯಷ್ಟೇ ಚೆನ್ನಾಗಿ ಅನ್ನತೊಡಗಿದಳು. ಮಾಮಿ ಅವಳ ಗಲ್ಲ ಹಿಡಿದು ನೆಟಿಗೆ ಮುರಿದರು. ಅಷ್ಟು ಖುಷಿಯಾಗಿ ಅವರನ್ನು ನಾನು ಮೊದಲು ನೋಡಿರಲಿಲ್ಲ.

ಎರಡನೇ ವಾರದ ಗುರುವಾರ ಅಕ್ಕ ಅವ್ವನ ಜೊತೆ ಸಂತೆಗೆ ಹೋಗಿದ್ದಳು, ಹಣ್ಣಿನ ಆಸೆಗೆ ನಾನೊಬ್ಬಳೇ ಹೋದೆ. ಮಾಮಿ ಅಕ್ಕಿ ಆರಿಸುತ್ತಿದ್ದರು. ರೇಡಿಯೋದಲ್ಲಿ ಯಾರೋ ಒಬ್ಬರು ಇನ್ನೊಬ್ಬರನ್ನು ಇಂಗ್ಲಿಷಿನಲ್ಲಿ ಮಾತಾಡಿಸುತ್ತಿದ್ದರು. ಮುಗಿಯುವಾಗ ಒಬ್ಬರು ಥ್ಯಾಂಕ್ಯೂ ಅಂದರು, ಇನ್ನೊಬ್ಬರು ಇಟ್ಸ್ ಎ ಪ್ಲೆಶರ್ ಅಂದರು. ಅದು ಝುಣಕದ ಹಾಗೂ ಇರಲಿಲ್ಲ, ಬಾಳೆಹಣ್ಣಿನ ಹಾಗೂ ಇರಲಿಲ್ಲ. ಬೇರೆಯೇ ಏನೋ ಇತ್ತು. ನಾನು ಮಾಮಿಯ ಮುಖ ನೋಡಿದೆ. ಮೊರದ ಮೇಲೆ ಅವರ ಬೆರಳು ನಿಂತಿತ್ತು.

"ಏನು ಕೇಳಿಸ್ತು ಉಮಾ ನಿಂಗೆ?"

"ಗೊತ್ತಾಗಲಿಲ್ಲ ಮಾಮಿ."

"ನಂಗೂ ಗೊತ್ತಾಗ್ಲಿಲ್ಲ. ಗೊರಗೊರ ಅನ್ನತ್ತೆ ಈ ರೇಡಿಯೋ," ಎಂದು ಎದ್ದು ಆರಿಸಿದರು.

ರೇಡಿಯೋ ಗೊರಗೊರ ಅನ್ನುತ್ತಿರಲಿಲ್ಲ. ಅವತ್ತು ನನಗೆ ಎರಡು ಹಣ್ಣು ಕೊಟ್ಟರು. ಅವನ್ನು ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತೆ, ತಿನ್ನಲಾಗಲಿಲ್ಲ. ಮಾಮಿಗೆ ನಿಜವಾಗಿಯೂ ಕೇಳಿಸಲಿಲ್ಲವೋ, ಕೇಳಿಸಿದ್ದಕ್ಕೇ ಆರಿಸಿದರೋ? ರೇಡಿಯೋದವರೇ ತಪ್ಪು ಅಂದರೋ? ಡಿಕ್ಷನರಿಯಲ್ಲಿ ಬರೆದದ್ದು, ಅಪ್ಪ ಒಪ್ಪಿದ್ದು, ಮಾಮಿಯ ಅಣ್ಣನ ಊರಿನ ಹೆಸರು, ಇಷ್ಟೆಲ್ಲ ಸುಳ್ಳಾಗುವುದುಂಟೇ? ಅಕ್ಕನಿಗೆ ಹೇಳಲೇ ಎಂದು ನಾಲ್ಕು ದಿನ ಒದ್ದಾಡಿದೆ. ಹೇಳಿದರೆ ನೌಕರಿ ಸಿಗುತ್ತದೆ, ಬರೀ ಚಪ್ಪಲಿ ಮನೆಗೆ ಬರುತ್ತವೆ. ಹೇಳದಿದ್ದರೆ ಬಾಗಲಕೋಟೆ. ಕೊನೆಗೆ ಏನೂ ಹೇಳಲಿಲ್ಲ. ಅದು ಜಾಣತನವೂ ಅಲ್ಲ, ಕೆಟ್ಟತನವೂ ಅಲ್ಲ, ಸುಮ್ಮನೆ ಗೊಂದಲ.

ಸೋಮವಾರ ಅಕ್ಕನನ್ನು ಒಬ್ಬಳನ್ನೇ ಕಳಿಸಲು ಅವ್ವ ಒಪ್ಪಲಿಲ್ಲ, ನನ್ನ ಶಾಲೆ ತಪ್ಪಿಸಿ ಜೊತೆಗೆ ಕಳಿಸಿದಳು. ಒಂಬತ್ತು ವರ್ಷದ ನಾನು ಹತ್ತೊಂಬತ್ತರ ಅವಳನ್ನು ಯಾವುದರಿಂದ ಕಾಯಬೇಕಿತ್ತೋ ಯಾರೂ ಹೇಳಲಿಲ್ಲ. ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಕಿಟಕಿಯ ಪಕ್ಕ ಕೂತೆವು. ಅಕ್ಕ ಅವ್ವನ ನೀಲಿ ಸೀರೆ ಉಟ್ಟಿದ್ದಳು. ಕುರ್ಲಾ ಬಂತು, ಹೋಯಿತು.

"ಇದು ಆಗಲಿಲ್ಲಂದ್ರ ನಿನ್ನ ಹೆರಳು ಯಾರು ಹಾಕ್ತಾರ ಉಮಿ?" ಅಂದಳು. ನನ್ನನ್ನು ಕೇಳಿದ ಹಾಗಿರಲಿಲ್ಲ, ಕಿಟಕಿಯ ಹೊರಗೆ ನೋಡುತ್ತಿದ್ದಳು.

ನನ್ನ ಅಳು ಒಡೆಯಿತು. ಅಳುತ್ತಲೇ ರೇಡಿಯೋದ ವಿಷಯ ಎಲ್ಲ ಹೇಳಿಬಿಟ್ಟೆ. ಹೊಡೆಯುತ್ತಾಳೆ ಎಂದುಕೊಂಡಿದ್ದೆ. ವಡಾಲಾ ಬಂತು. ಅವಳು ಸೆರಗಿನಿಂದ ನನ್ನ ಮೂಗು ಒರೆಸಿದಳು.

"ಹೆಂಗ ಅಂದರು? ಅಂದು ತೋರಿಸು."

ಅಂದು ತೋರಿಸಿದೆ. ಇನ್ನೊಮ್ಮೆ ಅಂದಳು, ಇನ್ನೊಮ್ಮೆ ಅಂದೆ. ಅವಳೂ ಅಂದಳು. ಎದುರಿಗೆ ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ನಮ್ಮಿಬ್ಬರ ಬಾಯಿ ನೋಡಿ ಹಲ್ಲುನೋವಿಗೆ ಲವಂಗ ಇಟ್ಟುಕೊಳ್ಳಿ ಎಂದು ಮರಾಠಿಯಲ್ಲಿ ಹೇಳಿದಳು. ಇಪ್ಪತ್ತು ಸಲ ಹೇಳುವಷ್ಟರಲ್ಲಿ ನನಗೇ ಅನುಮಾನ ಹತ್ತಿತು. ನಾನು ಅನ್ನುತ್ತಿರುವುದು ರೇಡಿಯೋದವರದೋ ನನ್ನದೇ ಏನೋ ಹೊಸತೋ? ಕೇಳಿದ್ದು ಒಂದೇ ಸಲ. ನಾವು ಇಳಿಯಬೇಕಾದ ವಿ.ಟಿ. ಬರುವ ಹೊತ್ತಿಗೆ ಮೂರು ಪ್ಲೆಶರ್‌ಗಳು ತಲೆಯಲ್ಲಿ ಕಲಸಿಹೋಗಿ, ಯಾವುದು ಯಾರದು ಎಂದು ಹೇಳಲಾರದೆ ಹೋದೆ. ಅಕ್ಕನಿಗೆ ಅದನ್ನು ಹೇಳಲು ಮಾತ್ರ ನನಗೆ ಧೈರ್ಯವಾಗಲಿಲ್ಲ.

ಆಫೀಸಿನಲ್ಲಿ ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಬಾಗಿಲಿಗೆ ಆಚೆಯದು ಕಾಣದಂಥ ಗಾಜು ಇತ್ತು. ಒಳಗಿನಿಂದ ಅಕ್ಕನ ದನಿ ಬಂತು, ನಿಂತಿತು. ಮತ್ತೆ ಬಂತು. ಮೇಡಂ ಏನೋ ಅಂದರು. ಕುರ್ಚಿ ಎಳೆದ ಸದ್ದಾಯಿತು. ಮುಗಿಯಿತು, ಬಾಗಲಕೋಟೆ ಎಂದುಕೊಂಡೆ. ಅಷ್ಟರಲ್ಲಿ ಒಳಗೆ ನಗು ಕೇಳಿಸಿತು. ಮೇಡಂ ನಗುತ್ತಿದ್ದರು, ಅಕ್ಕನೂ ನಗುತ್ತಿದ್ದಳು. ಆಮೇಲೆ ಕೇಳಿಸಿದ್ದನ್ನು ನಾನು ಇವತ್ತಿಗೂ ಪೂರ್ತಿ ನಂಬಿಲ್ಲ. ಗಾಜಿನ ಬಾಗಿಲಿನ ಆಚೆ ಆ ಮೇಡಂ ವಾಲೈಪಲಂ, ವಾಲೈಪಲಂ ಎಂದು ಹೆಣಗಾಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಅಕ್ಕ ಹೊರಗೆ ಬಂದಳು. ನೌಕರಿ ಸಿಕ್ಕಿತ್ತು.

ಹೇಗೆ ಸಿಕ್ಕಿತು ಎಂಬುದಕ್ಕೆ ಅಕ್ಕ ಒಬ್ಬೊಬ್ಬರಿಗೆ ಒಂದೊಂದು ಹೇಳಿದಳು. ಅಪ್ಪನಿಗೆ, ನಿನ್ನ ಅರ್ಜಿ ನೋಡಿ ಮೆಚ್ಚಿದರು ಅಂದಳು. ಮಾಮಿಗೆ, ನೀವು ಕಲಿಸಿದ ಹಂಗ ಅಂದೆ, ಅವರಿಗೆ ಆ ಅಕ್ಷರ ಬರಲೇ ಇಲ್ಲ ಅಂದಳು. ನನಗೆ, ನೀ ಹೇಳಿದ್ದಕ್ಕ ಆತು ನೋಡು ಅಂದಳು. ಅವ್ವ ಕೇಳಲಿಲ್ಲ, ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡಳು. ಅದು ಅಣ್ಣನ ಮನೆಯ ಸಂಬಂಧ ಮುಂದಕ್ಕೆ ಹೋದ ದುಃಖವೋ ಮಗಳು ಗೆದ್ದ ಸಂತೋಷವೋ ನನಗೆ ತಿಳಿಯಲಿಲ್ಲ. ದೀಪ ಹಚ್ಚಿದ ಮೇಲೆ ತಲೆ ಬಾಚಬಾರದು ಎಂಬುದು ನಮ್ಮ ಮನೆಯ ಕಟ್ಟಳೆ. ಅಕ್ಕ ಕೆಲಸಕ್ಕೆ ಹೋಗತೊಡಗಿದ ಮೇಲೆ ಅವಳು ಬರುವುದು ತಡವಾಗುತ್ತಿತ್ತು. ಅವ್ವ ದೀಪ ಹಚ್ಚುವುದನ್ನೇ ಮುಂದಕ್ಕೆ ಹಾಕಿದಳು. ಕತ್ತಲಾಗುತ್ತ ಬಂದರೂ ಎಣ್ಣೆ ಬತ್ತಿ ಸಿದ್ಧ ಮಾಡಿಟ್ಟುಕೊಂಡು ಕಾಯುತ್ತಿದ್ದಳು. ಅಕ್ಕ ಬಂದು ಕಾಲು ತೊಳೆದು ನನ್ನ ಹೆರಳು ಹಾಕಿದ ಮೇಲೆಯೇ ಕಡ್ಡಿ ಗೀರುತ್ತಿದ್ದಳು.

ಒಂದು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ಮಾಮಿ ಒಳ್ಳೆಯ ಸೀರೆ ಉಟ್ಟು ನಮ್ಮ ಬಾಗಿಲಿಗೆ ಬಂದರು. ಅಪ್ಪನ ಕೈಯಿಂದ ಅಕ್ಕನ ಆಫೀಸಿನ ನಂಬರು ಬರೆಸಿ ಇಟ್ಟುಕೊಂಡಿದ್ದರು.

"ಬಾ ಉಮಾ, ಅವಳು ಹೇಗೆ ಹೇಳ್ತಾಳೆ ಕೇಳೋಣ. ಯಾರು ಅಂತ ಹೇಳೋದು ಬೇಡ. ಥ್ಯಾಂಕ್ಯೂ ಅಂದು ಇಟ್ಬಿಡೋಣ."

ಅಕ್ಕ ಅಲ್ಲಿ ಮಾಮಿಯ ಹಾಗೆ ಅನ್ನುತ್ತಿರಲಿಲ್ಲ. ನನಗೆ ಅದು ಗೊತ್ತಿತ್ತು, ಕನ್ನಡಿಯ ಮುಂದೆ ಅವಳು ಮೇಡಂ ತಿದ್ದಿದ ಸರಿಯಾದ ಪ್ಲೆಶರ್ ಅನ್ನುವುದನ್ನು ದಿನಾ ಕೇಳುತ್ತಿದ್ದೆ. ಹೊಟ್ಟೆನೋವು ಅಂದೆ, ಮಾಮಿ ಬಿಡಲಿಲ್ಲ. ಸ್ಟೇಶನ್ನಿನ ಹತ್ತಿರದ ಮೆಡಿಕಲ್ ಅಂಗಡಿಯ ಫೋನಿನಲ್ಲಿ ನಂಬರು ತಿರುಗಿಸಿದರು. ಅಂಗಡಿಯಲ್ಲಿ ಜನರಿದ್ದರು, ಆಚೆಯ ದನಿ ನನಗೆ ಕೇಳಿಸಲಿಲ್ಲ. ಮಾಮಿ ಬೆನ್ನು ನೆಟ್ಟಗೆ ಮಾಡಿಕೊಂಡು, ಬಾಯಿಪಾಠ ಮಾಡಿದವರಂತೆ, ಥ್ಯಾಂಕ್ಯೂ ಅಂದರು. ಒಂದು ಕ್ಷಣ ಆಲಿಸಿದರು. ರಿಸೀವರನ್ನು ಎದೆಗೆ ಒತ್ತಿಕೊಂಡರು.

"ನಾನು ಹೇಳ್ಕೊಟ್ಟ ಹಾಗೇ ಹೇಳಿದ್ಳು ಉಮಾ."

ರೇಡಿಯೋ ಆರಿಸಿದ ಮಾಮಿಯೇ ಇವರು. ಈಗಲೂ ಸುಳ್ಳು ಹೇಳುತ್ತಿದ್ದಾರೆ, ಜನರ ಮುಂದೆ ಮಾನ ಉಳಿಸಿಕೊಳ್ಳುತ್ತಿದ್ದಾರೆ ಎಂದು ನನಗೆ ಬಹಳ ಸಂಕಟವಾಯಿತು. ಅವರ ಮುಖ ನೋಡಲಾರದೆ ರಿಸೀವರು ಕಸಿದುಕೊಂಡು ಕಿವಿಗೆ ಇಟ್ಟೆ. ಹಲೋ, ಹಲೋ ಎಂದು ಯಾರೋ ಕರೆಯುತ್ತಿದ್ದರು. ಅಕ್ಕನ ದನಿಯೇ, ಆದರೆ ಇಸ್ತ್ರಿ ಮಾಡಿದ ಹಾಗಿತ್ತು. ಬರೀ ಚಪ್ಪಲಿ ಬರುತ್ತವೆ ಎಂದ ಅವ್ವನ ಮಾತು ನೆನಪಾಗಿ ಹೆದರಿಕೆಯಾಯಿತು. ಏನು ಮಾಡಬೇಕೋ ತಿಳಿಯದೆ ಥ್ಯಾಂಕ್ಯೂ ಅಂದೆ. ಹಿಂದಿನಿಂದ ಯಾವುದೋ ಹೆಂಗಸು ಗದರುವ ದನಿ ಕೇಳಿಸಿತು. ಆಮೇಲೆ ಅಕ್ಕ, ನಾಲಿಗೆಯನ್ನು ಪೂರ್ತಿ ಹಿಂದಕ್ಕೆ ಮಡಿಸಿ, ಎಲ್ಲಿಯೂ ತಾಗಿಸದೆ, ನಿಧಾನವಾಗಿ ಅಂದಳು.

"ಇಟ್ಸ್ ಎ ಪ್ಲೆೞರ್."

ಆ ಸಂಜೆ ಅಕ್ಕ ತಡವಾಗಿ ಬಂದಳು. ಅವ್ವ ಕಡ್ಡಿಪೆಟ್ಟಿಗೆ ಹಿಡಿದುಕೊಂಡು ಕೂತಿದ್ದಳು. ಅಕ್ಕ ಕಾಲು ತೊಳೆದು, ನನ್ನನ್ನು ಮುಂದೆ ಎಳೆದು ಕೂರಿಸಿಕೊಂಡು ಹೆರಳು ಬಿಚ್ಚಿದಳು.

"ಇವತ್ತ ಮೇಡಮ್ಮನ ಕಡೆ ಬೈಸಿಕೊಂಡೆ," ಅಂದಳು.

"ಯಾಕ? ಏನು ಮಾಡಿದಿ?" ಅಂದಳು ಅವ್ವ.

"ಒಂದು ಶಬ್ದ ತಪ್ಪು ಅಂದೆ. ಒಮ್ಮೆ ಬೈದ ಮ್ಯಾಲೂ ಇನ್ನೊಮ್ಮೆ ಹಂಗ ಅಂದೆ."

"ಇಷ್ಟು ದಿನ ಕಲತದ್ದು ಹೆಂಗ ತಪ್ಪತದವಾ?"

ಅಕ್ಕ ನನ್ನ ಹೆರಳಿನ ಮೂರು ಎಳೆಗಳನ್ನು ಬಿಗಿಯಾಗಿ ಎಳೆದು ರಿಬ್ಬನ್ ಕಟ್ಟಿದಳು. ಕಣ್ಣಲ್ಲಿ ನೀರು ಬರುವಷ್ಟು ನೋವಾಯಿತು, ನಾನು ಹಾ ಎನ್ನಲಿಲ್ಲ. ಅವ್ವ ದೀಪ ಹಚ್ಚಿದಳು.